ಗೆಳತಿಯ ಜೊತೆ ಜರ್ಮನಿಯಲ್ಲಿ ಬಿಡಾರ: ಯಾವುದು ಮೊದಲು, ಯಾವುದು ಆಮೇಲೆ

ನಾನು ರಜೆಗೆ ಶಿರಸಿಗೆ ಬಂದಾಗಲೆಲ್ಲ ಯಾರಾದರೂ ಒಬ್ಬರು ಮನೆಗೆ ಬರುತ್ತಾರೆ. ಕುಮಟಾದಿಂದಲೋ ಯಲ್ಲಾಪುರದಿಂದಲೋ, ಮಗಳನ್ನೋ ತಮ್ಮನನ್ನೋ ಕರಕೊಂಡು. "ಇವಳೂ ಇವಳ ಗೆಳತಿಯೂ ಒಟ್ಟಿಗೇ ಹೊರಟಿದ್ದಾರೆ, ಒಂದೇ ಮನೆ ಮಾಡ್ತಾರಂತೆ, ಹಾಗಾಗಿ ಚಿಂತೆ ಇಲ್ಲ" ಅನ್ನುತ್ತಾರೆ. ಚಾ ಕುಡಿದು ಹೋಗುತ್ತಾರೆ. ನಾಲ್ಕು ತಿಂಗಳಿಗೆ ಫೋನು ಬರುತ್ತದೆ. ಮನೆ ಒಬ್ಬಳ ಹೆಸರಲ್ಲಿದೆ, ಇನ್ನೊಬ್ಬಳ ವಿಳಾಸ ಕಚೇರಿಯಲ್ಲಿ ನೋಂದಣಿ ಆಗಿಲ್ಲ, ಬ್ಯಾಂಕಿನ ಕಾರ್ಡು ವಾಪಸ್ ಹೋಗಿದೆ, ಠೇವಣಿ ಯಾರು ಎಷ್ಟು ಕೊಟ್ಟಿದ್ದು ಅಂತ ಜಗಳ ಆಗಿ ಇಬ್ಬರೂ ಮಾತು ಬಿಟ್ಟಿದ್ದಾರೆ. ಪ್ರತಿ ಸಲ ಇದೇ ಕತೆ, ಊರಿನ ಹೆಸರು ಮಾತ್ರ ಬೇರೆ.

ನಾನು ಶಿರಸಿ ಹತ್ತಿರದ ಹಳ್ಳಿಯವಳು, ಜೊತೆಗಿರುವವಳು ಕಾರವಾರದ ಕೋಡಿಬಾಗದವಳು. ಸ್ಟುಟ್‌ಗಾರ್ಟ್ ಪಕ್ಕದ ಒಂದು ಊರಲ್ಲಿ ಇದು ನಮಗೆ ಮೂರನೇ ವರ್ಷ. ನಾನು ಹೋಗಿದ್ದು ಕೆಲಸಕ್ಕೆ, ಅವಳು ಓದಿಗೆ. ಕೆಳಗೆ ಬರೆದ ತಪ್ಪುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನಾವೇ ಮಾಡಿದ್ದು. ಎಲ್ಲಿ ಇಬ್ಬರ ಹೆಸರೂ ಇರಬೇಕು, ಎಲ್ಲಿ ಒಬ್ಬರದೇ ಸಾಕು ಅನ್ನುವುದನ್ನು ಮೊದಲೇ ಸರಿಮಾಡಿಕೊಂಡಿದ್ದರೆ ಅವುಗಳಲ್ಲಿ ಮುಕ್ಕಾಲು ಆಗುತ್ತಲೇ ಇರಲಿಲ್ಲ.

## ಮೊದಲು ಸಾಮಾನು

ಬಟ್ಟೆ ಬರೆ ವಿಷಯ ನಿಮಗೆ ಬಿಟ್ಟಿದ್ದು. ನಾನು ಹೇಳುವುದು ಜನ ಮರೆತು ಹೋಗುವ ವಸ್ತುಗಳನ್ನು ಮಾತ್ರ.

ಕಾಗದಪತ್ರಕ್ಕೆ ಎರಡು ಬೇರೆ ಬೇರೆ ಫೈಲು, ಒಬ್ಬರಿಗೊಂದು. ಪಾಸ್‌ಪೋರ್ಟು, ವೀಸಾ ಪುಟ, ಇಂಗ್ಲಿಷಿನಲ್ಲಿರುವ ಜನನ ಪ್ರಮಾಣಪತ್ರ, ಅಂಕಪಟ್ಟಿ, ಎಲ್ಲದಕ್ಕೂ ಮೂರು ಮೂರು ಜೆರಾಕ್ಸ್. ನಮ್ಮ ಕಡೆ ಅಂಕಪಟ್ಟಿಯಲ್ಲಿ ಇನಿಶಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರು ಇರುತ್ತದೆ, ನಾಯ್ಕ ಅನ್ನುವುದಕ್ಕೆ ಮನೆಗೊಂದು ಸ್ಪೆಲ್ಲಿಂಗು. ಅಲ್ಲಿ ಲೆಕ್ಕಕ್ಕೆ ಬರುವುದು ಪಾಸ್‌ಪೋರ್ಟಿನದ್ದು. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಇದ್ದರೆ ಊರಲ್ಲೇ ಸರಿಮಾಡಿಸಿಕೊಂಡು ಹೊರಡಿ.

ಪ್ಲಗ್ ಅಡಾಪ್ಟರ್ ನಾಲ್ಕು. ವೋಲ್ಟೇಜು ಅಲ್ಲೂ 230, ಹಾಗಾಗಿ ನಮ್ಮ ಮಿಕ್ಸರ್ ಸುಡುವುದಿಲ್ಲ, ಆದರೆ ಮೂರು ಪಿನ್ನಿನ ಪ್ಲಗ್ ಅಲ್ಲಿಯ ಸಾಕೆಟ್ಟಿಗೆ ಹೋಗುವುದಿಲ್ಲ. ಅರ್ಥಿಂಗ್ ಇರುವ ಅಡಾಪ್ಟರನ್ನೇ ತೆಗೆದುಕೊಳ್ಳಿ. ಕುಕ್ಕರು ಇಂಡಕ್ಷನ್ ತಳದ್ದು ಇರಲಿ. ಒಂದು ಚೊಂಬು. ಒಂದು ದಪ್ಪ ಕಪ್ಪು ಪೆನ್ನು ಮತ್ತು ಬಿಳಿ ಅಂಟುಪಟ್ಟಿ. ಇದು ಯಾಕೆ ಅಂತ ಮೂರನೇ ಹಂತದಲ್ಲಿ ಗೊತ್ತಾಗುತ್ತದೆ. ಮತ್ತೆ ಒಂದು ಲೆಕ್ಕದ ಪುಸ್ತಕ, ಮೊಬೈಲಿನ ಆ್ಯಪ್ ಬೇಕಾದರೂ ಆಗಬಹುದು.

ದಿನಾ ಮಾತ್ರೆ ತೆಗೆದುಕೊಳ್ಳುವವರು ಮೂರು ತಿಂಗಳಿಗಾಗುವಷ್ಟು ಒಯ್ಯಬಹುದು. ಡಾಕ್ಟರ ಚೀಟಿ ಜೊತೆಗಿರಲಿ.

## ಹಂತ 1: ದುಡ್ಡಿನ ಮಾತು ಊರಲ್ಲೇ ಮುಗಿಸಿ

ಫ್ರಾಂಕ್‌ಫರ್ಟಿನಲ್ಲಿ ಇಳಿದ ಮೇಲೆ ಮಾತಾಡೋಣ ಅಂದುಕೊಂಡರೆ ಆಗುವುದಿಲ್ಲ. ಅಲ್ಲಿ ಇಳಿದ ದಿನದಿಂದಲೇ ಖರ್ಚು ಶುರು, ನಿದ್ದೆ ಇಲ್ಲ, ಚಳಿ, ಆಗ ಗೆಳತಿಯ ಹತ್ತಿರ "ನಿನ್ನ ಪಾಲು ಎಷ್ಟು" ಅಂತ ಕೇಳಲು ಬಾಯಿಯೇ ಬರುವುದಿಲ್ಲ.

ಒಬ್ಬರು ಓದಿಗೆ, ಒಬ್ಬರು ಕೆಲಸಕ್ಕೆ ಹೋಗುವುದಾದರೆ ಇಲ್ಲಿ ಒಂದು ಗಂಟಿದೆ. ಓದಲು ಹೋಗುವವರು ಸಾಮಾನ್ಯವಾಗಿ ವೀಸಾಕ್ಕಾಗಿ ವರ್ಷಕ್ಕೆ 11,904 ಯೂರೊ ತಡೆಹಿಡಿದ ಖಾತೆಯಲ್ಲಿ ಇಡಬೇಕು ಅಲ್ವಾ, ಅದು ಅವರ ದುಡ್ಡೇ ಆದರೂ ತಿಂಗಳಿಗೆ 992 ಯೂರೊ ಮಾತ್ರ ಕೈಗೆ ಸಿಗುತ್ತದೆ, ಅದೂ ಅಲ್ಲಿ ಬ್ಯಾಂಕ್ ಖಾತೆ ತೆರೆದ ಮೇಲೆ. ಮನೆಯ ಠೇವಣಿ ಮಾತ್ರ ಮೊದಲ ದಿನವೇ ಕೇಳುತ್ತಾರೆ. ಅಂದರೆ ಠೇವಣಿಯ ಭಾರ ಇನ್ನೊಬ್ಬರ ಮೇಲೇ ಬೀಳುತ್ತದೆ. ನಮ್ಮಲ್ಲಿ ಹಾಗೇ ಆಯಿತು. ಅವಳ ಪಾಲನ್ನೂ ನಾನೇ ಕೊಟ್ಟೆ, ಯಾವಾಗ ವಾಪಸ್ ಅಂತ ಇಬ್ಬರೂ ಮಾತಾಡಲಿಲ್ಲ, ಐದು ತಿಂಗಳು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಒಂದು ದಿನ ಹಾಲು ಯಾರು ತರಬೇಕು ಅನ್ನುವ ವಿಷಯಕ್ಕೆ ಜಗಳ ಶುರುವಾಗಿ ಠೇವಣಿಗೆ ಹೋಗಿ ಮುಟ್ಟಿತು.

ಹಾಗಾಗಿ ಹೊರಡುವ ಮೊದಲೇ ಒಂದು ಹಾಳೆಯಲ್ಲಿ ಬರೆಯಿರಿ. ಠೇವಣಿ ಯಾರು ಕೊಡುವುದು, ಇನ್ನೊಬ್ಬರು ಎಷ್ಟು ಕಂತಿನಲ್ಲಿ ತೀರಿಸುವುದು, ಕೋಣೆ ಸಣ್ಣದು ದೊಡ್ಡದು ಇದ್ದರೆ ಬಾಡಿಗೆ ಹೇಗೆ ಹಂಚುವುದು, ಮಧ್ಯದಲ್ಲಿ ಒಬ್ಬರು ಬಿಟ್ಟು ಹೋದರೆ ಏನು. ಇಬ್ಬರೂ ಸಹಿ ಹಾಕಿ ಫೋಟೊ ತೆಗೆದು ಇಟ್ಟುಕೊಳ್ಳಿ. "ನಮ್ಮೊಳಗೆ ಎಂಥ ಲೆಕ್ಕ" ಅಂತ ಯಾರಾದರೂ ಅಂದರೆ ಅಲ್ಲೇ ಎಚ್ಚರ ಮಾಡಿಕೊಳ್ಳಿ.

## ಹಂತ 2: ಮನೆ ಒಪ್ಪಂದ

ಜಾಹೀರಾತಿನಲ್ಲಿ ಎರಡು ಬಾಡಿಗೆ ಇರುತ್ತವೆ. ಕಾಲ್ಟ್‌ಮೀಟೆ ಅಂದರೆ ಬರೀ ಮನೆ ಬಾಡಿಗೆ, ವಾರ್ಮ್‌ಮೀಟೆ ಅಂದರೆ ಅದಕ್ಕೆ ನೀರು, ಕಸ, ಸಾಮಾನ್ಯವಾಗಿ ಹೀಟರಿನ ಮುಂಗಡ ಸೇರಿದ್ದು. ಕರೆಂಟು, ಇಂಟರ್ನೆಟ್ಟು ಹೆಚ್ಚಾಗಿ ಇದರ ಹೊರಗೆ. ಠೇವಣಿ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಜಾಸ್ತಿ ಕೇಳುವ ಹಾಗಿಲ್ಲ, ಮೂರು ತಿಂಗಳ ಕಂತಿನಲ್ಲಿ ಕೊಡಲು ಕಾನೂನೇ ಅವಕಾಶ ಕೊಡುತ್ತದೆ. ನಮಗಿದು ಆಗ ಗೊತ್ತಿರಲಿಲ್ಲ.

ಮನೆ ನೋಡುವಾಗ ಅಡುಗೆಮನೆ ಇದೆಯಾ ಅಂತ ಕೇಳಿ. ತಮಾಷೆ ಅಲ್ಲ. ಅಲ್ಲಿ ಎಷ್ಟೋ ಮನೆಗಳನ್ನು ಒಲೆ, ಸಿಂಕು, ಕಪಾಟು ಏನೂ ಇಲ್ಲದೆ ಬರೀ ಗೋಡೆ ಬಿಟ್ಟು ಬಾಡಿಗೆಗೆ ಕೊಡುತ್ತಾರೆ. ಸೂರಿನಲ್ಲಿ ದೀಪ ಕೂಡ ಇರುವುದಿಲ್ಲ, ವೈರು ನೇತಾಡುತ್ತಿರುತ್ತದೆ.

ಈಗ ಮುಖ್ಯ ವಿಷಯ. ಒಪ್ಪಂದದಲ್ಲಿ ಯಾರ ಹೆಸರು? ದಾರಿ ಎರಡಿವೆ. ಇಬ್ಬರೂ ಬಾಡಿಗೆದಾರರು ಅಂತ ಇಬ್ಬರೂ ಸಹಿ ಹಾಕುವುದು ಒಂದು. ಒಬ್ಬರು ಮುಖ್ಯ ಬಾಡಿಗೆದಾರರಾಗಿ ಇನ್ನೊಬ್ಬರು ಅವರ ಕೈಕೆಳಗಿನ ಬಾಡಿಗೆದಾರರಾಗುವುದು ಇನ್ನೊಂದು, ಇದಕ್ಕೆ ಮನೆ ಮಾಲೀಕರ ಒಪ್ಪಿಗೆ ಬೇಕು. ಇಬ್ಬರ ಹೆಸರೂ ಇದ್ದರೆ ಇಬ್ಬರಿಗೂ ಸಮ ಹಕ್ಕು. ಆದರೆ ಒಬ್ಬರು ಬಾಡಿಗೆ ಕೊಡದಿದ್ದರೆ ಮಾಲೀಕರು ಪೂರ್ತಿ ದುಡ್ಡನ್ನು ಇನ್ನೊಬ್ಬರ ಹತ್ತಿರ ಕೇಳಬಹುದು, ಒಪ್ಪಂದ ಬಿಡುವುದಿದ್ದರೆ ಇಬ್ಬರೂ ಸೇರಿಯೇ ಬಿಡಬೇಕು. ಒಬ್ಬರದೇ ಹೆಸರಿದ್ದರೆ ಆ ಒಬ್ಬರು ಹೊರಟ ದಿನ ಇನ್ನೊಬ್ಬರ ಕಾಲಕೆಳಗಿನ ನೆಲವೂ ಹೋಗುತ್ತದೆ.

ನನ್ನ ಮಟ್ಟಿಗೆ ಇಬ್ಬರ ಹೆಸರೇ ಸರಿ. ಒಬ್ಬರು ಆರು ತಿಂಗಳಿಗೆ ಮಾತ್ರ ಬಂದವರಾದರೆ ಎರಡನೇ ದಾರಿ ಆದೀತು. ಮಾಲೀಕರಿಗೆ ಗೊತ್ತಾಗದ ಹಾಗೆ ಸುಮ್ನೆ ಜೊತೆಗೆ ಇರುವುದು ಮಾತ್ರ ಬೇಡ, ಯಾಕೆ ಅಂತ ನಾಲ್ಕನೇ ಹಂತ ಓದಿದರೆ ತಿಳಿಯುತ್ತದೆ.

ಎಚ್ಚರದ ಗುರುತು: "ನಾನು ಸದ್ಯ ಬೇರೆ ದೇಶದಲ್ಲಿದ್ದೇನೆ, ದುಡ್ಡು ಹಾಕಿ, ಕೀಲಿ ಕೊರಿಯರಿನಲ್ಲಿ ಕಳಿಸುತ್ತೇನೆ" ಅಂತ ಯಾರಾದರೂ ಬರೆದರೆ ಅದು ಮೋಸ. ಮನೆ ಚೆಂದ, ಬಾಡಿಗೆ ಅಗ್ಗ, ಫೋಟೊ ಹೋಟೆಲಿನ ಕೋಣೆಯ ಹಾಗೆ, ಇದೇ ಅವರ ಮಾದರಿ. ನೀವಾಗಲಿ ನಂಬುವ ಒಬ್ಬರಾಗಲಿ ಹೋಗಿ ಬಾಗಿಲು ತೆಗೆದು ನೋಡುವವರೆಗೆ ಒಂದು ಯೂರೊ ಕೂಡ ಹಾಕಬೇಡಿ. ಮೊದಲ ಒಂದೆರಡು ತಿಂಗಳು ಹಾಸ್ಟೆಲ್ಲೋ ತಾತ್ಕಾಲಿಕ ಕೋಣೆಯೋ ಹಿಡಿಯುವುದು ದುಬಾರಿಯಾದರೂ ಇದಕ್ಕಿಂತ ಅಗ್ಗ.

## ಹಂತ 3: ಕೀಲಿ ಕೈಗೆ ಬಂದ ದಿನ

ಆ ದಿನ ಮಾಡಬೇಕಾದ ಕೆಲಸ ಮೂರು, ಪೆಟ್ಟಿಗೆ ಬಿಚ್ಚುವ ಮೊದಲು.

ಒಂದು, ಮನೆಯ ಪ್ರತಿ ಗೀರು, ಕಲೆ, ಒಡೆದ ಟೈಲ್ಸು ಎಲ್ಲದರ ಫೋಟೊ. ಮಾಲೀಕರು ಹಸ್ತಾಂತರದ ಪಟ್ಟಿ ತರುತ್ತಾರೆ, ತರದಿದ್ದರೆ ನೀವೇ ಬರೆದು ಎರಡೂ ಕಡೆಯವರ ಸಹಿ ಮಾಡಿಸಿ. ಬಿಡುವಾಗ ಠೇವಣಿ ಕತ್ತರಿಸುವುದು ಇದನ್ನು ನೋಡಿಯೇ.

ಎರಡು, ಕರೆಂಟು, ನೀರು, ಹೀಟರಿನ ಮೀಟರ್ ತೋರಿಸುವ ಅಂಕಿಯ ಫೋಟೊ. ನೀವು ಯಾವ ಕಂಪನಿಗೂ ಹೇಳದಿದ್ದರೂ ಕರೆಂಟು ಬರುತ್ತದೆ. ಆ ಊರಿನ ಮೂಲ ಪೂರೈಕೆದಾರರ ಲೆಕ್ಕಕ್ಕೆ ಬಂದಿರುತ್ತೀರಿ, ದರ ಹೆಚ್ಚಾಗಿ ಜಾಸ್ತಿ ಇರುತ್ತದೆ. ವಾರದೊಳಗೆ ದರ ಹೋಲಿಸಿ ನೋಡಿ ಬದಲಾಯಿಸಿ.

ಮೂರು, ಅಂಚೆ ಡಬ್ಬಿ. ಊರಲ್ಲಿ ಪೋಸ್ಟಿನವರಿಗೆ ಮನೆತನದ ಹೆಸರು ಹೇಳಿದರೆ ಸಾಕು, ತೋಟ ದಾಟಿ ಬಂದು ಕೊಟ್ಟು ಹೋಗುತ್ತಾರೆ. ಅಲ್ಲಿ ಫ್ಲ್ಯಾಟಿಗೆ ನಂಬರು ಇರುವುದೇ ಕಡಿಮೆ. ಅಂಚೆಯವನು ನೋಡುವುದು ಡಬ್ಬಿಯ ಮೇಲಿನ ಅಡ್ಡಹೆಸರು. ಆ ಹೆಸರು ಇಲ್ಲದಿದ್ದರೆ ಪತ್ರ ವಾಪಸ್. ನನ್ನ ಗೆಳತಿ ನನಗಿಂತ ಮೂರು ವಾರ ಮೊದಲೇ ಹೋಗಿದ್ದಳು, ಡಬ್ಬಿಯ ಮೇಲೆ ಅವಳ ಹೆಸರಷ್ಟೇ ಇತ್ತು. ನಾನು ದಿನಾ ಸಂಜೆ ಆ ಸಣ್ಣ ತಗಡಿನ ಬಾಗಿಲು ತೆಗೆದು ಪಿಜ್ಜಾ ಅಂಗಡಿಯ ಜಾಹೀರಾತು ಎತ್ತಿ ಬಿಸಾಡಿ ಬರುತ್ತಿದ್ದೆ. ಬ್ಯಾಂಕಿನ ಕಾರ್ಡು ಒಂದು ಲಕೋಟೆ, ಪಿನ್ ಇನ್ನೊಂದು ಲಕೋಟೆ, ತೆರಿಗೆ ಸಂಖ್ಯೆ ಮೂರನೆಯದು, ಮೂರೂ ಬಂದ ದಾರಿಯಲ್ಲೇ ಹಿಂದೆ ಹೋಗಿದ್ದವು. ಮೊದಲ ಸಂಬಳದಲ್ಲಿ ತೆರಿಗೆ ಲೆಕ್ಕಕ್ಕಿಂತ ಜಾಸ್ತಿ ಹಿಡಿದರು.

ಪೆನ್ನು ಮತ್ತು ಅಂಟುಪಟ್ಟಿ ಇದಕ್ಕೇ. ಮಾಲೀಕರು ಚೆಂದದ ಫಲಕ ಮಾಡಿಸುವವರೆಗೆ ಕಾಯಬೇಡಿ. ಇಬ್ಬರ ಅಡ್ಡಹೆಸರೂ ಪಾಸ್‌ಪೋರ್ಟಿನ ಸ್ಪೆಲ್ಲಿಂಗಿನಲ್ಲೇ, ಡಬ್ಬಿಯ ಮೇಲೂ ಕೆಳಗಿನ ಕರೆಗಂಟೆಯ ಮೇಲೂ, ಅದೇ ದಿನ.

## ಹಂತ 4: ನೋಂದಣಿ, ಅದರ ಹಿಂದೆ ಉಳಿದಿದ್ದು

ಮನೆ ಹೊಕ್ಕ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಆನ್‌ಮೆಲ್ಡುಂಗ್ ಅನ್ನುತ್ತಾರೆ. ತಡ ಮಾಡಿದರೆ ದಂಡ 1,000 ಯೂರೊವರೆಗೆ ಹೋಗಬಹುದು. ಪಾಸ್‌ಪೋರ್ಟು, ತುಂಬಿದ ಅರ್ಜಿ, ಜೊತೆಗೆ "ಇವರು ನನ್ನ ಮನೆಗೆ ಬಂದಿದ್ದಾರೆ" ಅಂತ ಮನೆ ಕೊಟ್ಟವರು, ಸಾಮಾನ್ಯವಾಗಿ ಮಾಲೀಕರು, ಸಹಿ ಹಾಕಿದ ಕಾಗದ, ಈ ಮೂರು ಬೇಕು. ಬಾಡಿಗೆ ಒಪ್ಪಂದ ತೋರಿಸಿದರೆ ಆ ಕಾಗದದ ಬದಲಿಗೆ ನಡೆಯುವುದಿಲ್ಲ. ಗುಟ್ಟಾಗಿ ಜೊತೆಗಿರುವವರು ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ, ಮನೆ ಕೊಟ್ಟವರ ಸಹಿ ಇಲ್ಲದೆ ನೋಂದಣಿ ಇಲ್ಲ, ನೋಂದಣಿ ಇಲ್ಲದೆ ಮುಂದಿನದು ಯಾವುದೂ ಇಲ್ಲ. ಆ ಕಾಗದದಲ್ಲಿ ಇಬ್ಬರ ಹೆಸರೂ ಇದೆಯಾ ಅಂತ ನೋಡಿಕೊಳ್ಳಿ.

ಕಚೇರಿಯಲ್ಲಿ ಸಮಯ ಮೊದಲೇ ಕಾದಿರಿಸಬೇಕಾಗುತ್ತದೆ. ಮನೆ ಖಚಿತವಾದ ದಿನವೇ ಕಾದಿರಿಸಿ, ಇಬ್ಬರಿಗೂ ಬೇರೆ ಬೇರೆ. ಎರಡು ವಾರದೊಳಗೆ ಸಿಗದಿದ್ದರೆ ಕಾದಿರಿಸಿದ ಇಮೇಲ್ ಇಟ್ಟುಕೊಳ್ಳಿ.

ಅರ್ಜಿಯಲ್ಲಿ ಧರ್ಮ ಅಂತ ಒಂದು ಕಾಲಮ್ ಇದೆ. ಕಾರವಾರ, ಹೊನ್ನಾವರ ಕಡೆಯ ಕ್ರೈಸ್ತ ಗೆಳೆಯರು ಇಲ್ಲಿ ಸ್ವಲ್ಪ ಓದಿಕೊಂಡು ತುಂಬಿ. ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟೆಂಟ್ ಅಂತ ನೋಂದಾಯಿಸಿದರೆ ಆದಾಯ ತೆರಿಗೆಯ ಮೇಲೆ ಶೇಕಡಾ 8 ಅಥವಾ 9 ಚರ್ಚ್ ತೆರಿಗೆ ಬೀಳುತ್ತದೆ, ಸ್ಟುಟ್‌ಗಾರ್ಟ್ ಇರುವ ರಾಜ್ಯದಲ್ಲಿ 8. ಕೊಡುವುದು ಬಿಡುವುದು ಅವರವರಿಗೆ ಬಿಟ್ಟಿದ್ದು, ಆದರೆ ಗೊತ್ತಿದ್ದು ಕೊಡುವುದು ಬೇರೆ, ಸಂಬಳದ ಚೀಟಿ ನೋಡಿ ಹೌಹಾರುವುದು ಬೇರೆ.

ಇದಾದ ಮೇಲಿನ ಸಾಲು ಹೀಗೆ. 11 ಅಂಕಿಯ ತೆರಿಗೆ ಸಂಖ್ಯೆ ತಾನಾಗಿ ಅಂಚೆಯಲ್ಲಿ ಬರುತ್ತದೆ, ಕೆಲವು ವಾರ ಹಿಡಿಯುತ್ತದೆ. ನೋಂದಣಿ ಚೀಟಿ ಹಿಡಿದು ಬ್ಯಾಂಕ್ ಖಾತೆ. ಆರೋಗ್ಯ ವಿಮೆಗೆ ಹೊಸ ವಿಳಾಸ. ಆಮೇಲೆ ವಾಸದ ಪರವಾನಗಿ. ಇದನ್ನು ಜನ ಮುಂದೂಡುತ್ತಾರೆ, ವೀಸಾಕ್ಕೆ ಇನ್ನೂ ಮೂರು ತಿಂಗಳಿದೆಯಲ್ಲ ಅಂತ. ವಿದೇಶಿಯರ ಕಚೇರಿಯಲ್ಲಿ ಸಮಯ ಸಿಗುವುದೇ ಕಷ್ಟ, ಹಾಗಾಗಿ ನೋಂದಣಿಯಾದ ವಾರವೇ ಅರ್ಜಿ ಹಾಕಿ. ವೀಸಾ ಮುಗಿಯುವ ಮೊದಲು ಅರ್ಜಿ ಅವರ ಕೈ ಸೇರಿರಬೇಕು, ಅದಕ್ಕೆ ಸಾಕ್ಷಿ ನಿಮ್ಮ ಹತ್ತಿರ ಇರಬೇಕು.

ಎಚ್ಚರದ ಗುರುತು: ಹಳದಿ ಲಕೋಟೆ. ಕಚೇರಿಯಿಂದಲೋ ಕೋರ್ಟಿನಿಂದಲೋ ಬರುವ, ಅಂಚೆಯವನು ಲಕೋಟೆಯ ಮೇಲೇ ತಾರೀಖು ಬರೆದು ಹಾಕುವ ಪತ್ರ ಅದು. ಗಡುವು ಎಣಿಸುವುದು ಆ ತಾರೀಖಿನಿಂದ, ನೀವು ತೆರೆದ ದಿನದಿಂದ ಅಲ್ಲ. ಜರ್ಮನ್ ಅರ್ಥವಾಗಲಿಲ್ಲ ಅಂತ ಫ್ರಿಜ್ಜಿನ ಮೇಲೆ ಇಟ್ಟು ಮರೆಯಬೇಡಿ. ಫೋಟೊ ಹೊಡೆದು ಅನುವಾದದ ಆ್ಯಪಿಗೆ ಹಾಕಿ, ಅದೇ ದಿನ.

## ಹಂತ 5: ಒಂದೇ ಹೆಸರು ಸಾಕಾಗುವ ಬಿಲ್ಲು

ನೋಂದಣಿಯಾದ ಸ್ವಲ್ಪ ದಿನಕ್ಕೆ ಇಬ್ಬರಿಗೂ ಒಂದೊಂದು ಪತ್ರ ಬರುತ್ತದೆ. ರೇಡಿಯೊ ಟಿವಿ ಶುಲ್ಕ ಕಟ್ಟಿ ಅಂತ. ಮನೆಯಲ್ಲಿ ಟಿವಿ ಇಲ್ಲ ಅಂದರೂ ಬಿಡುವುದಿಲ್ಲ. ತಿಂಗಳಿಗೆ 18.36 ಯೂರೊ. ಆದರೆ ಈ ಶುಲ್ಕ ತಲೆಗೆ ಅಲ್ಲ, ಮನೆಗೆ. ಒಬ್ಬರು ಕಟ್ಟಿದರೆ ಮುಗಿಯಿತು. ಇನ್ನೊಬ್ಬರು ಪತ್ರಕ್ಕೆ ಉತ್ತರ ಬರೆದು, ಕಟ್ಟುವವರ ಹೆಸರು ಮತ್ತು 9 ಅಂಕಿಯ ಅವರ ಶುಲ್ಕದ ನಂಬರು ಕೊಡಬೇಕು.

ತಪ್ಪು ಏನಾಗುತ್ತದೆ ಅಂದರೆ, ಒಬ್ಬಳು ಕಟ್ಟುತ್ತಿದ್ದಾಳಲ್ಲ ಅಂತ ಇನ್ನೊಬ್ಬಳು ಪತ್ರ ಹರಿದು ಹಾಕುತ್ತಾಳೆ. ಅವರು ಅವಳನ್ನು ತಾವಾಗಿಯೇ ನೋಂದಾಯಿಸಿಕೊಂಡು ಬಾಕಿ ಲೆಕ್ಕ ಹಾಕುತ್ತಾ ಹೋಗುತ್ತಾರೆ. ಉತ್ತರ ಬರೆಯಿರಿ, ಪ್ರತಿ ಇಟ್ಟುಕೊಳ್ಳಿ.

ಕರೆಂಟು, ಇಂಟರ್ನೆಟ್ಟು ಕೂಡ ಒಬ್ಬೊಬ್ಬರ ಹೆಸರಲ್ಲಿ ಒಂದೊಂದು ಇರಲಿ, ಎರಡೂ ಒಬ್ಬರ ತಲೆ ಮೇಲೆ ಬೇಡ. ಇನ್ನೊಬ್ಬರಿಗೆ ಆಗುವ ನಷ್ಟಕ್ಕೆ ಹೊಣೆ ಹೊರುವ ವಿಮೆ ಅಂತ ಒಂದಿದೆ, ಹಾಫ್ಟ್‌ಪ್ಲಿಖ್ಟ್, ಇದನ್ನು ಇಬ್ಬರೂ ಬೇರೆ ಬೇರೆಯಾಗಿ ಮಾಡಿಸಿ. ಕಡ್ಡಾಯ ಅಲ್ಲ. ಸಿಂಕಿನ ನೀರು ಕೆಳಗಿನ ಮನೆಯವರ ಸೂರಿಗೆ ಇಳಿದ ದಿನ ಇದರ ಬೆಲೆ ಗೊತ್ತಾಗುತ್ತದೆ. ಓಡಾಟಕ್ಕೆ ಡಾಯ್ಚ್‌ಲಾಂಡ್ ಟಿಕೆಟ್ ಇದೆ, 2023ರಲ್ಲಿ ಶುರುವಾದಾಗ ತಿಂಗಳಿಗೆ 49 ಯೂರೊ ಇದ್ದದ್ದು 2025ರಲ್ಲಿ 58, 2026ರಿಂದ 63. ಅದು ಹೆಸರಿನ ಮೇಲೆ ಕೊಡುವ ಟಿಕೆಟ್. ನನ್ನದನ್ನು ಅವಳು ಹಿಡಿದು ಹೋದರೆ 60 ಯೂರೊ ದಂಡ.

## ಹಂತ 6: ಅಡುಗೆಮನೆ

ಮೊದಲು ಒಲೆ ಯಾವುದು ನೋಡಿ. ಗ್ಯಾಸ್ ಕಡಿಮೆ, ಗಾಜಿನ ಮೇಲ್ಮೈಯ ಕರೆಂಟು ಒಲೆಯೇ ಹೆಚ್ಚು. ಇಂಡಕ್ಷನ್ ಆಗಿದ್ದರೆ ಅಲ್ಯೂಮಿನಿಯಂ ಪಾತ್ರೆ ಬಿಸಿಯೇ ಆಗುವುದಿಲ್ಲ. ಇಂಡಕ್ಷನ್ ಅಲ್ಲದ್ದು ಆರಿಸಿದ ಮೇಲೂ ಸುಮಾರು ಹೊತ್ತು ಕಾದೇ ಇರುತ್ತದೆ, ಹಾಲು ಉಕ್ಕುವುದು ಆಗಲೇ.

ಆಮೇಲೆ ಹೊಗೆಯ ಅಲಾರಂ. ಮಲಗುವ ಕೋಣೆಯಲ್ಲಿ, ಹೊರಗೆ ಹೋಗುವ ಪಡಸಾಲೆಯಲ್ಲಿ ಅದು ಕಡ್ಡಾಯ. ನಮ್ಮ ಪಡಸಾಲೆ ಅಡುಗೆಮನೆಗೆ ತಾಗಿಕೊಂಡೇ ಇದೆ. ಮೊದಲ ವಾರ ಒಣಮೆಣಸು ಹಾಕಿ ಒಗ್ಗರಣೆ ಕೊಟ್ಟೆ ನೋಡಿ, ಇಡೀ ಕಟ್ಟಡಕ್ಕೆ ಕೇಳಿಸುವ ಹಾಗೆ ಕೂಗಿತು, ಮೇಲಿನ ಮನೆಯ ಅಜ್ಜಿ ಕೆಮ್ಮುತ್ತಾ ಇಳಿದು ಬಂದರು. ಬ್ಯಾಟರಿ ಕಿತ್ತಿಡಬೇಡಿ, ಅದು ದೊಡ್ಡ ತಪ್ಪು. ಅಡುಗೆಮನೆ ಬಾಗಿಲು ಹಾಕಿ, ಕಿಟಕಿ ತೆಗೆದು, ಎಣ್ಣೆ ಹೊಗೆ ಬರುವ ಮೊದಲೇ ಸಾಸಿವೆ ಹಾಕಿ, ಮುಚ್ಚಳ ಮುಚ್ಚಿ. ಒಗ್ಗರಣೆಯ ಶಾಸ್ತ್ರವನ್ನೇ ಹೊಸದಾಗಿ ಕಲಿಯಬೇಕು.

ಊರಿಂದ ಏನು ಒಯ್ಯಬಹುದು ಅಂತ ಎಲ್ಲರೂ ಕೇಳುತ್ತಾರೆ. ಹಾಲಿನ ಪದಾರ್ಥ, ಮಾಂಸ ಯುರೋಪಿನ ಹೊರಗಿನಿಂದ ತರುವ ಹಾಗಿಲ್ಲ. ಆಯಿ, ಅಂದರೆ ಅಮ್ಮ, ಕಾಯಿಸಿ ಕೊಟ್ಟ ತುಪ್ಪ, ಪೇಡೆ ಎರಡೂ ಅದರಲ್ಲೇ ಬಂತು. ಹಸಿ ಹಣ್ಣು, ಸೊಪ್ಪಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಹಾಗಾಗಿ ಹಸಿ ಅಪ್ಪೆಮಿಡಿ, ಹಸಿ ಕರಿಬೇವು ಬೇಡ. ಇದಕ್ಕೆ ಹೊರತಾದ ಐದು ಹಣ್ಣುಗಳಲ್ಲಿ ತೆಂಗಿನಕಾಯಿ ಒಂದು. ಮಿಡಿ ಉಪ್ಪಿನಕಾಯಿ, ಒಣ ಮುರುಗಲು ಸಿಪ್ಪೆ, ಜೋನಿ ಬೆಲ್ಲ, ಸಾಂಬಾರು ಪುಡಿ ಎಲ್ಲ ಒಯ್ಯಬಹುದು, ಜೋನಿ ಬೆಲ್ಲ ಮಾತ್ರ ಎರಡು ಡಬ್ಬಿಯೊಳಗೆ ಹಾಕಿ, ನನ್ನ ಒಂದು ಸೀರೆ ಹೋಯಿತು. ಕಾರವಾರದವರಿಗೆ ಸಮಾಧಾನದ ಸುದ್ದಿ, ಮೀನಿಗೆ ಮಾಂಸದ ನಿಯಮ ಇಲ್ಲ, ಸ್ವಂತಕ್ಕೆ 20 ಕಿಲೊವರೆಗೆ ಬಿಡುತ್ತಾರೆ. ಒಣಮೀನಿನ ವಾಸನೆ ಸಹಪ್ರಯಾಣಿಕರಿಗೆ ಹೋಗದ ಹಾಗೆ ಕಟ್ಟುವುದು ನಿಮ್ಮ ಜವಾಬ್ದಾರಿ.

ಉಳಿದಿದ್ದು ಅಲ್ಲೇ ಸಿಗುತ್ತದೆ. ಶ್ರೀಲಂಕಾ ತಮಿಳರ ಅಂಗಡಿ ಎಲ್ಲಿದೆ ಅಂತ ಮೊದಲ ವಾರವೇ ಹುಡುಕಿ. ತುರಿದ ಕಾಯಿ ಫ್ರೀಜರಿನಲ್ಲಿ, ಕರಿಬೇವು, ಉದ್ದು, ಕುಚ್ಚಿಗೆ ಅಕ್ಕಿ ಅಲ್ಲಿರುತ್ತವೆ. ಮಜ್ಜಿಗೆ ಸೂಪರ್‌ಮಾರ್ಕೆಟ್ಟಿನಲ್ಲೇ ಬೂಟರ್‌ಮಿಲ್ಖ್ ಅಂತ ಸಿಗುತ್ತದೆ, ದಪ್ಪ ಇರುತ್ತದೆ, ನೀರು ಬೆರೆಸಿದರೆ ತಂಬುಳಿಗೆ ಧಾರಾಳ ಸಾಕು. ಹಣ್ಣಿನ ಚಿತ್ರ ಇರುವ ಡಬ್ಬಿ ತರಬೇಡಿ, ಅದು ಸಿಹಿ.

ಈಗ ಇಬ್ಬರ ನಡುವಿನ ವಿಷಯ. ನಾನು ಮೀನು ತಿನ್ನುವುದಿಲ್ಲ, ಅವಳಿಗೆ ಮೀನಿಲ್ಲದೆ ಅನ್ನ ಇಳಿಯುವುದಿಲ್ಲ. ಅಲ್ಲಿ ಸಿಗುವ ಮಕ್ರೇಲೆ ನಮ್ಮ ಬಂಗಡೆಯ ದೊಡ್ಡಪ್ಪನ ಮಗ ಇದ್ದ ಹಾಗೆ, ಗಾತ್ರ ದೊಡ್ಡದು, ಕೊಬ್ಬು ಜಾಸ್ತಿ, ಹುರಿದರೆ ವಾಸನೆಯೂ ಜಾಸ್ತಿ. "ನನಗೇನೂ ತೊಂದರೆ ಇಲ್ಲ, ಮಾಡ್ಕೋ" ಅಂತ ನಾನು ಮೊದಲ ದಿನ ಹೇಳಿದ್ದು ಸುಳ್ಳು. ಎರಡು ತಿಂಗಳು ಮೂಗು ಮುಚ್ಚಿಕೊಂಡು ಓಡಾಡಿ, ಅವಳು ಅದನ್ನು ನೋಡಿ ಮೀನು ತರುವುದನ್ನೇ ಬಿಟ್ಟು, ಇಬ್ಬರ ಮುಖವೂ ಸಣ್ಣಗಾದ ಮೇಲೆ ಕೂತು ಮಾತಾಡಿದೆವು. ಈಗ ಶನಿವಾರ ಮಧ್ಯಾಹ್ನ ಮೀನು. ಆ ಹೊತ್ತಿಗೆ ನಾನು ಸಾಮಾನು ತರಲು ಹೋಗುತ್ತೇನೆ. ಕಾವಲಿ, ಚಾಕು, ತಿಕ್ಕುವ ಬ್ರಶ್ಶು ಬೇರೆ, ಫ್ರಿಜ್ಜಿನ ಕೆಳಗಿನ ಅರೆ ಅವಳದು. ಮೀನಿನ ತಲೆ, ಮುಳ್ಳನ್ನು ಚೀಲಕ್ಕೆ ಕಟ್ಟಿ ಫ್ರೀಜರಿನಲ್ಲಿಟ್ಟು ಕಸದ ಗಾಡಿ ಬರುವ ಹಿಂದಿನ ರಾತ್ರಿ ಹೊರಗೆ ಹಾಕುವುದು. ಬೇಸಿಗೆಯಲ್ಲಿ ಈ ಕೊನೆಯ ಉಪಾಯ ಇಡೀ ಕಟ್ಟಡದ ಮರ್ಯಾದೆ ಉಳಿಸುತ್ತದೆ.

## ಹಂತ 7: ಬಚ್ಚಲು, ಕಿಟಕಿ, ಬಾಗಿಲು

ಬಚ್ಚಲಿನ ನೆಲದಲ್ಲಿ ಸಾಮಾನ್ಯವಾಗಿ ನೀರು ಹೋಗುವ ಕಿಂಡಿ ಇರುವುದಿಲ್ಲ. ಊರಿನ ಹಾಗೆ ಚೊಂಬಿನಲ್ಲಿ ದಬದಬ ಸುರಿದುಕೊಂಡರೆ ನೀರು ಕೆಳಗಿನ ಮನೆಗೆ. ಸ್ನಾನ ಏನಿದ್ದರೂ ಟಬ್ಬಿನೊಳಗೆ ಅಥವಾ ಶವರಿನ ಗೂಡಿನೊಳಗೆ. ಚೊಂಬು ಕಕ್ಕಸಿಗೆ.

ಶಿರಸಿಯವರಿಗೆ ಬೂಷ್ಟು ಹೊಸದಲ್ಲ. ಆಷಾಢದಲ್ಲಿ ಚಪ್ಪಲಿ ಮೇಲೂ ಬರುತ್ತದೆ, ಬಿಸಿಲು ಬಂದರೆ ಹೋಗುತ್ತದೆ. ಅಲ್ಲಿ ಗೋಡೆಯ ಮೇಲೆ ಬೂಷ್ಟು ಬಂದರೆ ಠೇವಣಿಗೆ ಕುತ್ತು. ಚಳಿಗೆ ಹೆದರಿ ಕಿಟಕಿ ಮುಚ್ಚೇ ಇಟ್ಟು, ಒಳಗೆ ಅನ್ನ ಬೇಯಿಸಿ, ಬಟ್ಟೆ ಒಣಗಿಸಿದರೆ ಅದು ಬಂದೇ ಬರುತ್ತದೆ. ದಿನಕ್ಕೆ ಎರಡು ಮೂರು ಸಲ ಎಲ್ಲ ಕಿಟಕಿ ಪೂರ್ತಿ ತೆಗೆದು ಐದು ಹತ್ತು ನಿಮಿಷ ಬಿಟ್ಟು ಮುಚ್ಚಬೇಕು, ಆಗ ಹೀಟರ್ ಬಂದ್. ಇಡೀ ದಿನ ಸ್ವಲ್ಪವೇ ಓರೆ ಮಾಡಿ ಇಡುವುದು ಎಲ್ಲರೂ ಮಾಡುವ ತಪ್ಪು, ಗಾಳಿಯೂ ಆಡುವುದಿಲ್ಲ, ಗೋಡೆ ಮಾತ್ರ ತಣ್ಣಗಾಗುತ್ತದೆ. ಕಿಟಕಿ ಗಾಜಿನ ಒಳಗೆ ಬೆಳಿಗ್ಗೆ ನೀರಿನ ಹನಿ ಕೂತಿದ್ದರೆ ಅದೇ ಮುನ್ಸೂಚನೆ.

ಬಾಗಿಲು. ಹೊರಗಿನ ಬದಿಗೆ ತಿರುಗಿಸುವ ಹಿಡಿ ಇರುವುದಿಲ್ಲ, ಬರೀ ಗುಬಟು. ಎಳೆದುಕೊಂಡರೆ ಮುಗಿಯಿತು, ಕೀಲಿ ಇಲ್ಲದೆ ತೆರೆಯುವುದಿಲ್ಲ. ಒಂದು ಭಾನುವಾರ ಒಲೆಯ ಮೇಲೆ ಕುಕ್ಕರ್ ಇಟ್ಟು, ಒಂದು ಸೀಟಿ ಆಗುವುದರೊಳಗೆ ಬರುತ್ತೇನೆ ಅಂತ ಕಸ ಹಾಕಲು ಹವಾಯಿ ಚಪ್ಪಲಿಯಲ್ಲಿ ಇಳಿದೆ. ಮೇಲೆ ಬರುವಾಗ ಬಾಗಿಲು ಮುಚ್ಚಿತ್ತು. ಒಳಗಿಂದ ಎರಡನೇ ಸೀಟಿ ಕೇಳಿಸಿತು, ಮೂರನೆಯದೂ ಕೇಳಿಸಿತು. ಫೋನೂ ಒಳಗೆ. ಮೇಲಿನ ಅಜ್ಜಿಯ ಮನೆಯ ಫೋನಿನಿಂದ ಗೆಳತಿಗೆ ಹಚ್ಚಿದೆ, ಪುಣ್ಯಕ್ಕೆ ಅವಳ ನಂಬರು ಬಾಯಿಪಾಠ ಇತ್ತು. ಅವಳು ಗ್ರಂಥಾಲಯದಿಂದ ಓಡಿ ಬರುವಷ್ಟರಲ್ಲಿ ಬೇಳೆ ಇದ್ದಲಾಗಿ, ಅಲಾರಂ ಕೂಗಿ ಕೂಗಿ ಗಂಟಲು ಒಣಗಿಸಿಕೊಂಡಿತ್ತು. ಬೀಗ ತೆಗೆಯುವವರನ್ನು ಭಾನುವಾರ ಕರೆದರೆ ಬೇಳೆಯ ಜೊತೆ ಅರ್ಧ ತಿಂಗಳ ತರಕಾರಿ ದುಡ್ಡೂ ಹೋಗುತ್ತಿತ್ತು. ಮೂರನೇ ಕೀಲಿಯನ್ನು ನಂಬುವ ನೆರೆಯವರ ಹತ್ತಿರ ಇಡಿ. ನಮ್ಮದು ಈಗ ಆ ಅಜ್ಜಿಯ ಹತ್ತಿರ ಇದೆ.

## ಹಂತ 8: ಭಾನುವಾರ, ಸದ್ದು, ಕಸ

ಭಾನುವಾರ ಅಂಗಡಿ ಇಲ್ಲ. ದೊಡ್ಡ ರೈಲು ನಿಲ್ದಾಣ, ಪೆಟ್ರೋಲ್ ಬಂಕು ಬಿಟ್ಟರೆ ಹೆಚ್ಚಾಗಿ ಎಲ್ಲ ಬಂದ್. ಶನಿವಾರ ಸಂಜೆಯೊಳಗೆ ಅಕ್ಕಿ ಬೇಳೆ ನೋಡಿಕೊಳ್ಳಿ.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಭಾನುವಾರ ಇಡೀ ದಿನ ಸದ್ದು ಮಾಡುವ ಹಾಗಿಲ್ಲ. ಮಿಕ್ಸರಿನಲ್ಲಿ ಕಾಯಿ ಬೀಸುವುದು ಸಂಜೆಯೇ ಮುಗಿಯಲಿ, ಗೋಡೆಗೆ ಮೊಳೆ ಹೊಡೆಯುವುದು ಶನಿವಾರ ಹಗಲು.

ಕಸದಲ್ಲಿ ಕಾಗದ, ಪ್ಯಾಕಿಂಗು, ಹಸಿಕಸ, ಉಳಿದದ್ದು ಅಂತ ನಾಲ್ಕು ಪಾಲು. ಗಾಜನ್ನು ಬಣ್ಣದ ಪ್ರಕಾರ ಬೀದಿಯ ಡಬ್ಬಿಗೆ, ಅದೂ ಭಾನುವಾರ ಅಲ್ಲ. ನೀರಿನ ಪ್ಲಾಸ್ಟಿಕ್ ಬಾಟಲಿ, ಕ್ಯಾನು ಬಿಸಾಡಬೇಡಿ, ಒಂದಕ್ಕೆ ಹೆಚ್ಚಾಗಿ 25 ಸೆಂಟ್ ಅಂಗಡಿಯ ಯಂತ್ರ ವಾಪಸ್ ಕೊಡುತ್ತದೆ. ನಮ್ಮ ಸ್ಟುಟ್‌ಗಾರ್ಟ್ ಕಡೆ ಇನ್ನೊಂದಿದೆ, ಕೇರ್‌ವೋಖೆ. ಬಾಗಿಲಿಗೆ ಒಂದು ಫಲಕ ತಂದು ತೂಗುಹಾಕಿದರೆ ಈ ವಾರ ಮೆಟ್ಟಿಲು ಗುಡಿಸಿ ಒರೆಸುವುದು ನಿಮ್ಮ ಪಾಳಿ. ಮುಗಿಸಿ ಫಲಕವನ್ನು ಪಕ್ಕದ ಬಾಗಿಲಿಗೆ ದಾಟಿಸಬೇಕು. ಮನೆಯೊಳಗಿನ ಗುಡಿಸುವ ಪಾಳಿಗೂ ನಾವು ಇದನ್ನೇ ಹಿಡಿದೆವು, ಒಂದು ರಟ್ಟಿನ ತುಂಡು ಒಬ್ಬರ ಕೋಣೆಯ ಬಾಗಿಲಿಂದ ಇನ್ನೊಬ್ಬರದಕ್ಕೆ. ಬಾಯಲ್ಲಿ ಹೇಳುವ ಕೆಲಸವೇ ತಪ್ಪಿತು.

## ಹಂತ 9: ಊರಿಗೆ ಫೋನು, ನಿಮ್ಮೊಳಗೆ ಮಾತು

ಬೇಸಿಗೆಯಲ್ಲಿ ಊರು ಮೂರೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಬದಲಾಗುತ್ತದೆ. ಡಿಸೆಂಬರಿನಲ್ಲಿ ಕೆಲಸ ಮುಗಿಸಿ ಸಂಜೆ 6ಕ್ಕೆ ಫೋನು ಮಾಡಿದರೆ ಊರಲ್ಲಿ ರಾತ್ರಿ ಹತ್ತೂವರೆ. ನಮ್ಮಿಬ್ಬರ ಮನೆಯಲ್ಲೂ ಅಮ್ಮನಿಗೆ ಆಯಿ ಅನ್ನುತ್ತೇವೆ, ಇಬ್ಬರ ಆಯಿಯೂ ಆ ಹೊತ್ತಿಗೆ ಮಲಗಿರುತ್ತಾರೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಮಾಡಿ, ಹತ್ತು ನಿಮಿಷ, "ಊಟ ಆತಾ" ಅಂತ ಕೇಳಿಸಿಕೊಂಡರೆ ಸಾಕು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬೇರೆ ಕೋಣೆಗೆ ಹೋಗುವುದು ಒಳ್ಳೆಯದು. ನಿಮ್ಮ ಜಗಳ ಊರಿಗೆ ಹೋಗಿ, ಕಾರವಾರದಿಂದ ಶಿರಸಿಗೆ ಫೋನಾಗಿ, ನಿಮಗೇ ವಾಪಸ್ ಬರುವುದು ಬೇಡ ಅಲ್ವಾ.

ಜಗಳಕ್ಕಿಂತ ಮೊದಲು ಕಾಣುವ ಗುರುತುಗಳು ಇವು. ಲೆಕ್ಕದ ಪುಸ್ತಕ ಮೂರು ವಾರದಿಂದ ತೆರೆದಿಲ್ಲ. ಒಂದೇ ಮನೆಯಲ್ಲಿದ್ದು ಮೆಸೇಜಿನಲ್ಲಿ ಮಾತು. ಹಾಲಿನ ಡಬ್ಬಿಯ ಮೇಲೆ ಹೆಸರು. ಗೆಳತಿಯ ಎಲ್ಲ ಫೋನು, ಕಚೇರಿ ಕೆಲಸ ಒಬ್ಬರೇ ಮಾಡಿಕೊಡುವುದು, ಜರ್ಮನ್ ಬರುವುದು ಅವರೊಬ್ಬರಿಗೇ ಅಂತ. ಈ ಕೊನೆಯದು ಮೊದಮೊದಲು ಪ್ರೀತಿಯ ಹಾಗೆ ಕಾಣುತ್ತದೆ, ಆರು ತಿಂಗಳಿಗೆ ಒಬ್ಬರಿಗೆ ಸುಸ್ತು, ಇನ್ನೊಬ್ಬರಿಗೆ ಒಂದು ಔಷಧಿ ತರಲೂ ಭಯ. ವಾರಕ್ಕೊಂದು ಹೊರಗಿನ ಕೆಲಸ ಇಬ್ಬರೂ ಒಂಟಿಯಾಗಿ ಮಾಡಿ. ತುರ್ತಿಗೆ 112, ಪೊಲೀಸ್ 110, ತುರ್ತಲ್ಲದ ರಾತ್ರಿ ಹೊತ್ತಿನ ಡಾಕ್ಟರಿಗೆ 116117. ಈ ಮೂರು ನಂಬರು ಇಬ್ಬರ ಫೋನಿನಲ್ಲೂ ಇರಲಿ.

## ಹಂತ 10: ಒಬ್ಬರು ಹೊರಡುವಾಗ

ಓದು ಮುಗಿಯುತ್ತದೆ, ಕೆಲಸ ಬೇರೆ ಊರಲ್ಲಿ ಸಿಗುತ್ತದೆ, ಮದುವೆ ನಿಶ್ಚಯ ಆಗುತ್ತದೆ. ಮನೆ ಬಿಡಲು ಮೂರು ತಿಂಗಳ ನೋಟಿಸು. ತಿಂಗಳ ಮೂರನೇ ಕೆಲಸದ ದಿನದೊಳಗೆ ಮಾಲೀಕರ ಕೈ ಸೇರಿದರೆ ಆ ತಿಂಗಳು ಲೆಕ್ಕಕ್ಕೆ ಬರುತ್ತದೆ, ಒಂದು ದಿನ ತಡವಾದರೆ ಒಂದು ತಿಂಗಳ ಬಾಡಿಗೆ ಹೆಚ್ಚು. ಕಾಗದದ ಮೇಲೆ, ಪೆನ್ನಿನ ಸಹಿಯೊಂದಿಗೆ. ಇಮೇಲ್, ವಾಟ್ಸಾಪ್ ನಡೆಯುವುದಿಲ್ಲ. ಇಬ್ಬರ ಹೆಸರಲ್ಲಿದ್ದರೆ ಇಬ್ಬರ ಸಹಿ.

ಒಬ್ಬರು ಉಳಿಯುವುದಾದರೆ ಮಾಲೀಕರ ಜೊತೆ ಮೂವರೂ ಕೂತು, ಹೊರಡುವವರನ್ನು ಬಿಟ್ಟು ಉಳಿದವರ ಹೆಸರಲ್ಲಿ ಒಪ್ಪಂದ ಮುಂದುವರಿಸುವ ಕಾಗದ ಮಾಡಿಕೊಳ್ಳಿ. ಹಾಗೆ ಮಾಡದೆ ಸುಮ್ನೆ ಪೆಟ್ಟಿಗೆ ಎತ್ತಿಕೊಂಡು ಹೋದವರು ಬಾಡಿಗೆಗೆ ಇನ್ನೂ ಹೊಣೆಯೇ. ಠೇವಣಿಯಲ್ಲಿ ಅವರ ಪಾಲನ್ನು ಯಾರು ಕೊಡುವುದು ಅನ್ನುವುದಕ್ಕೆ ಮೊದಲ ಹಂತದ ಹಾಳೆ ತೆಗೆಯಿರಿ.

ಜರ್ಮನಿಯ ಒಳಗೇ ಬೇರೆ ಊರಿಗೆ ಹೋಗುವವರು ಅಲ್ಲಿ ಹೊಸದಾಗಿ ನೋಂದಾಯಿಸಿದರೆ ಸಾಕು. ದೇಶವನ್ನೇ ಬಿಡುವವರು ನೋಂದಣಿ ತೆಗೆಸಬೇಕು, ಹೊರಡುವ ಒಂದು ವಾರ ಮೊದಲಿನಿಂದ ಅದಕ್ಕೆ ಅವಕಾಶ ಇದೆ. ರೇಡಿಯೊ ಶುಲ್ಕ ಹೊರಡುವವರ ಹೆಸರಲ್ಲಿದ್ದರೆ ಉಳಿಯುವವರ ಹೆಸರಿಗೆ ಮಾಡಿಸಿ. ಅಂಚೆಯವರಿಗೆ ದುಡ್ಡು ಕಟ್ಟಿದರೆ ಪತ್ರಗಳನ್ನು ಹೊಸ ವಿಳಾಸಕ್ಕೆ ತಿರುಗಿಸುತ್ತಾರೆ. ಹೀಟರಿನ ವರ್ಷದ ಲೆಕ್ಕ, ತೆರಿಗೆ ವಾಪಸಿನ ಪತ್ರ ಎಲ್ಲ ತಿಂಗಳುಗಟ್ಟಲೆ ಆದ ಮೇಲೆ ಬರುತ್ತವೆ, ಹಾಗಾಗಿ ಅಂಚೆ ಡಬ್ಬಿಯ ಮೇಲಿನ ಅಂಟುಪಟ್ಟಿಯನ್ನು ಎಲ್ಲಕ್ಕಿಂತ ಕೊನೆಗೆ ಕೀಳಿ.